ರೀಸೇಲ್ ಇದ್ದ ಗಾಡಿ

ನಮ್ಮ ಚನ್ನಗಿರಿಯಲ್ಲಿ ಯಾರೂ ಕಾರು ಕೊಳ್ಳುವುದಿಲ್ಲ, ರೀಸೇಲ್ ಕೊಳ್ಳುತ್ತಾರೆ. ಹೊಸ ಗಾಡಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕೈ ಮುಗಿಯುವಾಗಲೇ "ಮುಂದೆ ಮಾರಾಕೆ ಹೋದ್ರೆ ಎಷ್ಟು ಬರ್ತೈತೆ?" ಎಂದು ಕೇಳುವ ಜನ ನಾವು. ನಾನೇನೂ ಬೇರೆಯವನಲ್ಲ. ಬಸ್‌ಸ್ಟಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಹೆಂಡತಿ ಸಂತೇಬೆನ್ನೂರಿನ ಶಾಲೆಯಲ್ಲಿ ಟೀಚರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎಡಗಾಲಿಗೆ ಬಲವಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಆ ಕಾಲನ್ನು ಕೈಯಿಂದ ಎತ್ತಿ ಇಡುತ್ತಾಳೆ. ಅಷ್ಟರಲ್ಲಿ ಕಂಡಕ್ಟರ್ ಎರಡು ಸಲ ಸೀಟಿ ಊದಿರುತ್ತಾನೆ.

ಒಂದು ದಿನ ಶಾಲೆಯ ಇನ್ನೊಬ್ಬ ಟೀಚರು ಕ್ಲಚ್ ಇಲ್ಲದ ಕಾರು ತಂದಿದ್ದರಂತೆ. ಇವಳು ಮೈದಾನದಲ್ಲಿ ಅದನ್ನು ಒಂದು ಸುತ್ತು ಓಡಿಸಿ ಬಂದಿದ್ದಳು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, "ಎಡಗಾಲಿಗೆ ಅಲ್ಲಿ ಕೆಲಸಾನೇ ಇಲ್ಲ ಕಣ್ರಿ!" ಎಂದಳು. ಮದುವೆಯಾದ ಮೇಲೆ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ. ಮನೆಯಲ್ಲಿದ್ದ ಕ್ಲಚ್ಚಿನ ಗಾಡಿಯನ್ನು ಒಳ್ಳೆಯ ಬೆಲೆಗೆ ಮಾರಿ, ಅವಳಿಗೆ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಕಾರು ತರಬೇಕೆಂದುಕೊಂಡೆ. ನಮ್ಮಂಥವರಿಗೆ ಬೇರೆ ದಾರಿ ಇರಲಿಲ್ಲ.

ಒಳ್ಳೆಯ ಬೆಲೆ ಬಂದೇ ಬರುತ್ತದೆಂದು ನನಗೆ ಧೈರ್ಯ. ಏಕೆಂದರೆ ನಮ್ಮ ಗಾಡಿಯನ್ನು ಆರಿಸಿಕೊಟ್ಟವರು ಎದುರುಮನೆಯ ಅಜ್ಜ. ಅವರು ಈ ಸೀಮೆಗೆಲ್ಲ ಹಳೇ ಕಾರಿನ ದಲ್ಲಾಳಿ. "ಬಿಳೀದು ತಗಾ. ಡೀಸೆಲ್ ಇರ್ಲಿ, ಏಳು ಸೀಟ್ ಇರ್ಲಿ. ಮದುವಿ ದಿಬ್ಬಣಕ್ಕೂ ಆಗ್ತೈತೆ, ಅಡಿಕೆ ಚೀಲಕ್ಕೂ ಆಗ್ತೈತೆ. ಹಿಂಥಾವು ಹಳೇವಾದ್ರೂ ರೇಟು ಬಿಡಲ್ಲ. ಕೆಂಪು ನೀಲಿ ಅಂತ ಶೋಕಿ ಮಾಡಿದ್ರೆ ಕಡೀಗೆ ನೀನೇ ಇಟ್ಕಬೇಕು" ಎಂದಿದ್ದರು. ಆಮೇಲೆ ದನಿ ತಗ್ಗಿಸಿ, "ಏನರ ಹೊರಿಸು, ಹೆಣ ಒಂದು ಹೊರಿಸಬ್ಯಾಡ. ಹೆಣ ಹೊತ್ತ ಗಾಡೀನ ನಮ್ ಕಡೆ ಪುಕ್ಕಟೆ ಕೊಟ್ರೂ ಮುಟ್ಟಲ್ಲ" ಎಂದೂ ಸೇರಿಸಿದ್ದರು.

ಅವರ ಮಾತನ್ನು ವೇದವಾಕ್ಯದಂತೆ ನಡೆಸಿದೆ. ಸೀಟಿನ ಪ್ಲಾಸ್ಟಿಕ್ ಕೀಳಲಿಲ್ಲ. ಬೇಸಿಗೆಯಲ್ಲಿ ಬೆನ್ನು ಅಂಟಿಕೊಂಡು ಬರುತ್ತಿದ್ದರೂ ಕೀಳಲಿಲ್ಲ. ಮಂಡಕ್ಕಿ ತಿನ್ನುತ್ತಿದ್ದ ತಂಗಿಯ ಮಗಳನ್ನು ಕೆಳಗಿಳಿಸಿ, ತಿಂದಾದ ಮೇಲೆ ಹತ್ತಿಸಿಕೊಂಡೆ. "ಕಾರನ್ನ ನೀವು ಇಟ್ಕಂಡೀರೋ, ನಿಮ್ಮನ್ನ ಕಾರು ಇಟ್ಕಂಡೈತೋ?" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಮಾರುವ ವಿಷಯ ಹೇಳಿದಾಗ ಅಜ್ಜ ಹೊನ್ನಾಳಿಯ ಒಬ್ಬ ಗಿರಾಕಿಯನ್ನು ಗೊತ್ತು ಮಾಡಿದರು. ಆತ ಬರುವುದಕ್ಕೆ ಮೊದಲೇ ಅಜ್ಜನಿಗೆ ಎದೆನೋವು ಬಂತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು, ಮಾರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ಆಂಬುಲೆನ್ಸ್ ಬರುವುದು ಸಂಜೆಯಾಗುತ್ತದಂತೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಅಜ್ಜಿ ನಮ್ಮ ಅಂಗಳಕ್ಕೆ ಬಂದು ನಿಂತರು. ಗಾಡಿಯನ್ನೇ ನೋಡತೊಡಗಿದರು.

"ಬಾಡಿಗೆ ಗಾಡಿ ಯಾವುದಾದ್ರೂ..." ಎಂದು ನಾನು ರಾಗ ತೆಗೆದೆ. ಹೆಂಡತಿ ಮೊಳೆಯಿಂದ ಕೀ ತೆಗೆದು ನನ್ನ ಕೈಗಿಟ್ಟಳು. "ಆ ಜೀವದ ಮುಂದೆ ಹಂಗನ್ನಾಕೆ ನಿಮಗೆ ಬಾಯಾದ್ರೂ ಹೆಂಗೆ ಬರ್ತೈತೆ?" ಎಂದಳು.

ಹಿಂದಿನ ಸೀಟು ಮಡಚಿ ಅಜ್ಜನನ್ನು ಕರೆದುಕೊಂಡು ಬಂದೆ. ಬೀದಿಗೆ ಬೀದಿಯೇ ನೋಡಿತು. ಹೊನ್ನಾಳಿಯವನು ಫೋನಿನಲ್ಲಿ "ಮನ್ಯಾಗೆ ಬ್ಯಾಡ ಅಂತಾರ್ರೀ" ಎಂದ. ಆಮೇಲೆ ವಿಚಾರಿಸಿದ್ದ ನ್ಯಾಮತಿಯವನು ಫೋನೇ ಎತ್ತಲಿಲ್ಲ. ಕಡೆಗೆ ಜಗಳೂರಿನಿಂದ ಒಬ್ಬ ಬಂದ. ಅಷ್ಟು ದೂರಕ್ಕೆ ಸುದ್ದಿ ಮುಟ್ಟಿರಲಿಕ್ಕಿಲ್ಲ ಎಂದು ಆಸೆ ಇಟ್ಟುಕೊಂಡೆ. ಆತ ಬಾನೆಟ್ ಎತ್ತಿ ನೋಡಿದ, ಪ್ಲಾಸ್ಟಿಕ್ ಸವರಿ ಮೆಚ್ಚಿದ, ನಾನು ಹೇಳಿದ ಬೆಲೆಗೆ ಒಪ್ಪಿಯೂಬಿಟ್ಟ. ಆಮೇಲೆ, "ಒಂದ್ ಮಾತು, ಬ್ಯಾಸರ ಮಾಡ್ಕಬ್ಯಾಡ್ರಿ. ಹೆಣ ಗಿಣ ಹೊತ್ತಿಲ್ಲ ಅಲ್ರೀ?" ಎಂದ.

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಎದುರುಮನೆಯ ಕಟ್ಟೆಯಲ್ಲಿ ಅಜ್ಜಿ ಕೂತಿದ್ದರು, ಎಲ್ಲವೂ ಅವರಿಗೆ ಕೇಳಿಸುತ್ತಿತ್ತು. ನಾನು ತಡವರಿಸುವಷ್ಟರಲ್ಲಿ ಕಾಫಿ ತಂದ ಹೆಂಡತಿ, "ಹೊತ್ತೈತೆ ಕಣ್ರಿ. ನಮ್ಮೋರೇ ಆಗ್ಬೇಕು" ಎಂದಳು. ಆತ ಮರ್ಯಾದೆಗೆ ಕಾಫಿ ಕುಡಿದು ಎದ್ದುಹೋದ. ನನಗೆ ಕೆಂಡದಂಥ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳಲಿ? ಸತ್ತ ಅಜ್ಜನ ಮೇಲೋ, ನಿಜ ಹೇಳಿದವಳ ಮೇಲೋ? ಹೋಗಿ ಸೀಟಿನ ಪ್ಲಾಸ್ಟಿಕ್ ಅಷ್ಟನ್ನೂ ಕಿತ್ತು ಹಾಕಿದೆ.

ಅಲ್ಲಿಗೂ ಮುಗಿಯಲಿಲ್ಲ. ಕೆಳಗಿನ ಬೀದಿಯವರೊಬ್ಬರು ಬಂದು, "ಹೆಂಗಿದ್ರೂ ಒಂದ್ಸಲ ಹೊತ್ತೈತಲ್ಲ, ನಮ್ಮಪ್ಪನ್ನೂ ತಂದುಬಿಡ್ರಿ" ಎಂದರು. ಇಲ್ಲ ಅನ್ನಲು ನನ್ನ ಹತ್ತಿರ ಕಾರಣವೇ ಉಳಿದಿರಲಿಲ್ಲ. ಆಮೇಲೆ ಉಬ್ರಾಣಿಯವರು, ಬಸವಾಪಟ್ಟಣದವರು ಬಂದರು. ಈಗ ಯಾರಾದರೂ ಗೇಟಿನ ಹತ್ತಿರ ತಲೆ ತಗ್ಗಿಸಿ ನಿಂತರೆ ನಾನೇ ಹೋಗಿ ಸೀಟು ಮಡಚುತ್ತೇನೆ.

ಮೊನ್ನೆಯೂ ದಾವಣಗೆರೆಯಿಂದ ಹಾಗೆಯೇ ಒಬ್ಬರನ್ನು ಕರೆತರುತ್ತಿದ್ದೆ. ಸಂತೇಬೆನ್ನೂರಿನಲ್ಲಿ ಶಾಲೆ ಬಿಡುವ ಹೊತ್ತು. ಬಸ್ ನಿಲ್ಲುವ ಕಡೆ ಬಿಸಿಲಲ್ಲಿ ನನ್ನ ಹೆಂಡತಿ ಕಂಬಕ್ಕೆ ಆತುಕೊಂಡು ನಿಂತಿದ್ದಳು. ಹೆಣ ಇರುವ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸುವಂತಿಲ್ಲ. ನಾನು ಬ್ರೇಕಿನ ಮೇಲೆ ಕಾಲಿಟ್ಟು ಮತ್ತೆ ತೆಗೆದೆ. ಅಕ್ಕಪಕ್ಕದವರ ಜೊತೆ ಅವಳೂ ಚೀಲ ಕೆಳಗಿಟ್ಟು, ನಮ್ಮ ಗಾಡಿಗೆ ಕೈ ಮುಗಿದಳು.