ಓನರ್ರ ಕಾರಿನಲ್ಲಿ ಗಾಳಿ ನಿಂತ ಬೇಸಿಗೆ

ಮೊನ್ನೆ ಗಾಂಧಿ ಬಜಾರಿನಲ್ಲಿ ಕ್ಯಾಬ್ ಹತ್ತಿದೆ. ಸೆಖೆ ಅಂದರೆ ಸೆಖೆ, ತಲೆ ಸಿಡಿಯುವಷ್ಟು. ಡ್ರೈವರ್ ಎ.ಸಿ. ಹಾಕಿದ. ತಣ್ಣನೆ ಗಾಳಿ ಬರುವುದಕ್ಕೂ ಮೊದಲು ಮುಂದಿನ ಜಾಲರಿಯಿಂದ ಒಂದು ವಾಸನೆ ಬಂತು. ಒಣಗಿದ ದವನ, ಹಳೇ ಧೂಳು, ಅದರೊಳಗೆಲ್ಲೋ ಸ್ವಲ್ಪ ಸುಟ್ಟ ತಂತಿ... "ಸ್ವಲ್ಪ ಹೊತ್ತು ಮೇಡಂ, ಆಮೇಲೆ ಹೋಗುತ್ತೆ" ಎಂದ. ಅವನಿಗೆ ಹೋಗುತ್ತದೆ. ನನಗೆ ಮಾತ್ರ ಆ ವಾಸನೆ ಬಂದರೆ ನಮ್ಮ ಓನರ್ರು ಎದುರಿಗೆ ಬಂದು ನಿಲ್ಲುತ್ತಾರೆ. ತೋಳಿಲ್ಲದ ಬನಿಯನ್ನು, ಎತ್ತಿ ಕಟ್ಟಿದ ಪಂಚೆ, ಕಿವಿಯ ಮೇಲೊಂದು ಟೆಸ್ಟರ್.

ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಗವಿಪುರದಲ್ಲಿ ಬಾಡಿಗೆಗಿದ್ದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮುಂದಿನ ದೊಡ್ಡ ಭಾಗದಲ್ಲಿ ಮಗಳನ್ನು ಮದುವೆ ಮಾಡಿ ಕಳಿಸಿದ್ದ ಮನೆ ಯಜಮಾನರು ಮತ್ತು ಅವರ ಹೆಂಡತಿ, ಹಿಂದಿನ ಎರಡು ಕೋಣೆಗಳಲ್ಲಿ ನಾವು. ಇಬ್ಬರಿಗೂ ಒಳ್ಳೊಳ್ಳೆಯ ಹೆಸರುಗಳಿದ್ದವು. ಆದರೆ ಬಾಡಿಗೆದಾರರ ಬಾಯಲ್ಲಿ ಹೆಸರು ಎಲ್ಲಿ ಉಳಿಯುತ್ತದೆ? ಅವರು ಓನರ್ರು, ಆಕೆ ಓನರಮ್ಮ. ಅಷ್ಟೇ.

ಓನರ್ರು ಸರ್ಕಾರಿ ಕಚೇರಿಯೊಂದರ ವಿದ್ಯುತ್ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಯಲ್ಲಿ ಏನು ಕೆಟ್ಟರೂ ತಾವೇ ಬಿಚ್ಚಬೇಕು. ಸರಿಹೋಗುತ್ತಿತ್ತೇ ಎಂದು ಕೇಳಬೇಡಿ. ನಮ್ಮ ಮಿಕ್ಸಿಯನ್ನು ಒಮ್ಮೆ ರಿಪೇರಿ ಮಾಡಿಕೊಟ್ಟರು. ಆಮೇಲೆ ಅದು ಒಂದೇ ವೇಗದಲ್ಲಿ ತಿರುಗುತ್ತಿತ್ತು, ಕಾಯಿ ಚಟ್ನಿ ಸೀದಾ ಸೂರಿಗೆ! ಆದರೂ ಬೇಡ ಎನ್ನಲು ನಮಗೆ ಮನಸ್ಸು ಬರುತ್ತಿರಲಿಲ್ಲ. ಸ್ಕ್ರೂ ಡ್ರೈವರ್ ಕೈಗೆ ಬಂದರೆ ಅವರ ಮುಖ ಅಷ್ಟು ಅರಳುತ್ತಿತ್ತು.

ಓನರಮ್ಮನಿಗೆ ಉಬ್ಬಸ. ಬಸ್ಸು, ಆಟೋ, ಲಾರಿಯ ಹೊಗೆ ಯಾವುದೂ ಆಗುತ್ತಿರಲಿಲ್ಲ. ಅವರಿಗಾಗಿಯೇ ಓನರ್ರು ಎ.ಸಿ. ಇದ್ದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ಗಾಜು ಏರಿಸಿ, ಎ.ಸಿ. ಹಾಕಿ, ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರೆ ಅಂಬಾರಿ ಹೊತ್ತ ಆನೆಯ ನಡಿಗೆ, ಅಷ್ಟು ನಿಧಾನ. ಓನರಮ್ಮ ದಿನಾ ಬೆಳಿಗ್ಗೆ ತುಳಸಿ ಪೂಜೆ ಮುಗಿಸಿ ಅದೇ ಕೈಯಲ್ಲಿ ಕಾರಿಗೂ ಕುಂಕುಮವಿಟ್ಟು, ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಹತ್ತಿರ ಹೂ ಇಡುತ್ತಿದ್ದರು. ಒಂದು ಎಸಳು ಸೇವಂತಿಗೆ, ಒಂದಿಷ್ಟು ದವನ, ಶುಕ್ರವಾರವಾದರೆ ಮಲ್ಲಿಗೆಯ ತುಂಡು ಮಾಲೆ. ಗವಿಪುರದಲ್ಲಿ ಆಗ ಯಾವ ಗಾಡಿ ನೋಡಿದರೂ ಹಾಗೆಯೇ ಇರುತ್ತಿತ್ತು. ನಾನೂ ನನ್ನ ಗಂಡನ ಸ್ಕೂಟರಿಗೆ ಹೂ ಸಿಕ್ಕಿಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಊರಿನಿಂದ ಸುದ್ದಿ ಬಂತು. ಓನರಮ್ಮನ ಅಕ್ಕ ಹಾಸಿಗೆ ಹಿಡಿದಿದ್ದರು. ಹಿರಿಯೂರಿನಾಚೆ ರೈಲು ಹೋಗದ ಒಂದು ಹಳ್ಳಿ. ಓನರಮ್ಮನಿಗೆ ತಾಯಿಯ ನೆನಪೇ ಇಲ್ಲ. ಎತ್ತಿ ಆಡಿಸಿ, ಬಳೆ ತೊಡಿಸಿ, ಮದುವೆ ಮಾಡಿ ಕಳಿಸಿದ್ದು ಆ ಅಕ್ಕ. "ಅವಳು ನಂಗೆ ಅಕ್ಕ ಅಲ್ಲ ಕಣೆ, ಅಮ್ಮ. ಒಂದ್ಸಲ ಮುಖ ನೋಡ್ಬಿಟ್ರೆ ಸಾಕು" ಎಂದು ನನ್ನ ಹತ್ತಿರ ಕಣ್ಣೀರು ಹಾಕಿದರು. ಅಷ್ಟು ದೂರ, ಹೆದ್ದಾರಿಯ ಧೂಳು, ಲಾರಿಗಳು. ಡಾಕ್ಟರು ಎ.ಸಿ. ಕಾರಾದರೆ ಮಾತ್ರ ಹೋಗಿ ಎಂದಿದ್ದರು. ಓನರ್ರು ಎದೆ ತಟ್ಟಿಕೊಂಡು, "ಕಾರಿಟ್ಕೊಂಡಿರೋದು ಯಾತಕ್ಕೆ? ನಾಳೇನೇ ಹೊರಡೋಣ" ಎಂದರು.

ಮಾರನೆಯ ದಿನ ಬ್ಯಾಗು ಡಿಕ್ಕಿಗೆ ಹೋಯಿತು, ಅಕ್ಕನಿಗೆಂದು ಮಾಡಿದ ಮೆಂತ್ಯದ ಹಿಟ್ಟಿನ ಡಬ್ಬಿ ಓನರಮ್ಮನ ಮಡಿಲಿಗೆ. ಓನರ್ರು ಎ.ಸಿ. ಹಾಕಿದರು. ಬಾನೆಟ್ಟಿನೊಳಗೆ ಟಕ್ ಎಂದು ಸದ್ದೇನೋ ಆಯಿತು. ಗಾಳಿ ಮಾತ್ರ ಇಲ್ಲ. ಫ್ಯಾನಿನ ತಿರುಪನ್ನು ಒಂದಕ್ಕಿಟ್ಟರು, ಎರಡಕ್ಕಿಟ್ಟರು, ಕೊನೆಗಿಟ್ಟರು. ಒಳಗೆ ಯಾರೋ ನರಳಿದ ಹಾಗೆ ಗುರ್ರ್ ಎಂದು ನಿಂತಿತು.

"ಫ್ಯೂಸು" ಎಂದರು ಓನರ್ರು, ನೋಡದೆಯೇ.

ಹೊಸ ಫ್ಯೂಸ್ ಹಾಕಿದರು. ತಿರುಪು ತಿರುಗಿಸಿದ ತಕ್ಷಣ ಅದೂ ಸುಟ್ಟಿತು. ಹಾಗಾದರೆ ಎಲ್ಲೋ ತಂತಿ ತಾಗುತ್ತಿದೆ ಎಂದು ತೀರ್ಮಾನಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದರು. ಅವರ ಕೆಲಸಕ್ಕೊಂದು ಶಾಸ್ತ್ರವಿತ್ತು. "ಒಂದ್ಸಲಕ್ಕೆ ಒಂದೇ ಬದಲಾಯಿಸ್ಬೇಕಮ್ಮ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೆಂಗೆ ಗೊತ್ತಾಗುತ್ತೆ?" ಹೀಗೆ ಒಂದು ದಿನ ತಂತಿ, ಒಂದು ದಿನ ಸ್ವಿಚ್ಚು. ಆಮೇಲೆ ವೇಗ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್ ಎಂಬ ಸಣ್ಣ ಬಿಲ್ಲೆಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರು. ನಡುವೆ ಅಮಾವಾಸ್ಯೆ ಬಂತು. ಅವತ್ತು ಕಾರು ಮುಟ್ಟಕೂಡದೆಂದು ಓನರಮ್ಮನೇ ತಡೆದರು. ಗಾಳಿ ಊದುವ ಫ್ಯಾನನ್ನು ತಿರುಗಿಸುವ ಬ್ಲೋವರ್ ಮೋಟರು ಗ್ಲೋವ್ ಬಾಕ್ಸಿನ ಹಿಂದೆ ಇತ್ತು. ಅದರ ಒಂದು ಸ್ಕ್ರೂ ಎಲ್ಲಿಯೋ ಮೂಲೆಯಲ್ಲಿ, ಓನರ್ರ ದಪ್ಪ ಕೈ ಹೋಗದ ಜಾಗದಲ್ಲಿ. "ಮೋಟ್ರು ಕೆಡೋದು ಅಪರೂಪ, ಅದು ಕೊನೇಗೆ" ಎಂದು ಅದನ್ನು ಮುಂದೂಡುತ್ತಲೇ ಹೋದರು.

"ರೀ, ಗ್ಯಾರೇಜಿಗೆ ಬಿಟ್ಬಿಡಿ. ಇಲ್ಲಾಂದ್ರೆ ಎ.ಸಿ. ಟ್ಯಾಕ್ಸಿ ಮಾಡಿ" ಎಂದು ಓನರಮ್ಮ ಅಂಗಲಾಚಿದರು.

"ಮನೇಲಿ ಕಾರಿಟ್ಕೊಂಡು ಟ್ಯಾಕ್ಸಿಯೇನೇ? ಗ್ಯಾರೇಜಿನೋರು ಒಂದು ಸರಿ ಮಾಡಿ ಇನ್ನೊಂದು ಕೆಡಿಸ್ತಾರೆ. ನಾಳೆ ಆಗ್ಬಿಡುತ್ತೆ ಸುಮ್ನಿರು."

ಅವರ ಹಠ ಕಂಡು ನನಗೆ ಮೈ ಉರಿಯುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಅಕ್ಕನಿಗೆ ಅಷ್ಟು ಜೋರಾಗಿದೆ ಎಂದು ಊರಿನಿಂದ ಯಾರೂ ಹೇಳಿರಲಿಲ್ಲ. ಹೆಂಡತಿಯನ್ನು ಸ್ವಂತ ಕಾರಿನಲ್ಲಿ ತಣ್ಣಗೆ ಕರೆದೊಯ್ದು ಅಕ್ಕನ ಮನೆ ಮುಂದೆ ಇಳಿಸಬೇಕು ಎಂಬ ಆಸೆ ಆ ಮನುಷ್ಯನಿಗೆ. ಇನ್ನು ಓನರಮ್ಮ ಕೈಲಾದದ್ದನ್ನು ಮಾಡಿದರು. ಗಾಡಿ ಬೇಗ ಸರಿಹೋಗಲಿ ತಾಯೀ ಎಂದು ಬೇಡಿಕೊಂಡು ದಿನಾ ಬೆಳಿಗ್ಗೆ ಗಾಜಿನ ಬುಡಕ್ಕೆ ಇನ್ನಷ್ಟು ಹೂ ಏರಿಸಿದರು. ಎಸಳಿದ್ದ ಜಾಗದಲ್ಲಿ ಹಿಡಿ ಹೂವು, ತುಂಡು ಮಾಲೆಯಿದ್ದ ಜಾಗದಲ್ಲಿ ಪೂರ್ತಿ ಮಾಲೆ.

ಒಂದು ಮುಂಜಾನೆ ಫೋನ್ ಬಂತು. ಅಕ್ಕ ಹೋಗಿಬಿಟ್ಟಿದ್ದರು.

ಆ ಅವಸರದಲ್ಲಿ ಎ.ಸಿ. ಟ್ಯಾಕ್ಸಿ ಎಲ್ಲಿ ಸಿಗಬೇಕು? ಸಿಕ್ಕಿದ್ದರಲ್ಲಿ ಹೊರಟರು. ಶಿರಾ ದಾಟುವುದರೊಳಗೆ ಓನರಮ್ಮನಿಗೆ ಉಸಿರು ಕಟ್ಟಿ, ಆಸ್ಪತ್ರೆ ಹುಡುಕಿ, ಆಕ್ಸಿಜನ್ ಕೊಡಿಸಿ, ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಸಿಗೆಯ ಬಿಸಿಲು, ಇಟ್ಟುಕೊಳ್ಳಲು ಆಗಲಿಲ್ಲ ಎಂದರಂತೆ. ಮುಖ ಸಿಗಲಿಲ್ಲ.

ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಓನರ್ರು ನಮ್ಮ ಬಾಗಿಲಿಗೆ ಬಂದರು. "ನಿನ್ನ ಕೈ ಸಣ್ಣದು. ಸ್ವಲ್ಪ ಬಾಮ್ಮ" ಎಂದರು. ಇನ್ನು ಅದನ್ನು ಸರಿ ಮಾಡಿ ಏನಾಗಬೇಕಿತ್ತೋ! ಆದರೂ ಹೋದೆ. ಗ್ಲೋವ್ ಬಾಕ್ಸ್ ಬಿಚ್ಚಿಟ್ಟಿದ್ದರು. ಅವರು ಟಾರ್ಚ್ ಹಿಡಿದರು, ನಾನು ಮೂಲೆಗೆ ಕೈ ತೂರಿಸಿ, ಬೈದುಕೊಳ್ಳುತ್ತ, ಆ ಸ್ಕ್ರೂ ತಿರುಗಿಸಿದೆ. ಮೋಟರು ಸಡಿಲವಾಗಿ ಕೈಗೆ ಬಂತು. ಜೊತೆಗೆ ಇನ್ನೇನೋ ಬಂತು.

ಹೂವು. ಕಂದು ಬಣ್ಣಕ್ಕೆ ತಿರುಗಿದ ಸೇವಂತಿಗೆ, ಪುಡಿಪುಡಿಯಾದ ದವನ, ಕುಂಕುಮ ಹತ್ತಿದ ತುಳಸಿ. ಮಲ್ಲಿಗೆಯ ಬಾಳೆನಾರು ಫ್ಯಾನಿನ ನಡುದಂಡಕ್ಕೆ ಸುತ್ತಿ ಸುತ್ತಿ ಗಂಟಾಗಿತ್ತು. ಹಿಡಿ ಹಿಡಿಯಾಗಿ ತೆಗೆದೆ, ಮುಗಿಯಲೇ ಇಲ್ಲ. ಗಾಜಿನ ಬುಡದಲ್ಲಿ ಗಾಳಿ ಒಳಗೆ ಬರಲೆಂದು ಸೀಳುಗಳಿರುತ್ತವೆ. ಹಳೇ ಕಾರು, ಒಳಗಿನ ಬಲೆ ಹರಿದಿತ್ತು. ಇಟ್ಟ ಹೂವೆಲ್ಲ ಅಲ್ಲಿಂದ ಸೀದಾ ಬ್ಲೋವರಿಗೆ ಬಿದ್ದಿತ್ತು. ಮೇಲಿನ ಪದರದ ಹೂಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಅವು ಓನರಮ್ಮ ಬೇಡಿಕೊಂಡು ಇಟ್ಟವು.

ನಾರು ಬಿಡಿಸಿ ತಂತಿ ಜೋಡಿಸಿದಾಗ ಫ್ಯಾನು ಸೊಗಸಾಗಿ ತಿರುಗಿತು. ಮೋಟರಿಗೆ ಏನೂ ಆಗಿರಲಿಲ್ಲ. ಓನರ್ರು ಕಾರಿನ ಹೊಸ್ತಿಲ ಮೇಲೆಯೇ ಕೂತರು. ಆಮೇಲೆ ಪಂಚೆಯ ತುದಿಗೆ ಎಲ್ಲವನ್ನೂ ತುಂಬಿಕೊಂಡು ಹಿತ್ತಲಿಗೆ ಹೋಗಿ ತೆಂಗಿನ ಮರದ ಬುಡದಲ್ಲಿ ಹೂತು ಬಂದರು. "ಇವಳಿಗೆ ಹೇಳ್ಬೇಡಮ್ಮ" ಎಂದರು.

ಅಷ್ಟರಲ್ಲಿ ಓನರಮ್ಮ ಕಾಫಿ ಹಿಡಿದು ಬಂದರು. ಫ್ಯಾನಿನ ಸದ್ದು ಅವರಿಗೂ ಕೇಳಿಸಿತ್ತು.

"ಏನಾಗಿತ್ತಂತೆ?"

"ಮೋಟ್ರು ಕಣೆ. ಮೊದಲನೇ ದಿನಾನೇ ಗ್ಯಾರೇಜಿಗೆ ಬಿಟ್ಟಿದ್ರೆ ಸಂಜೆ ಒಳಗೆ ಆಗ್ತಿತ್ತು. ನಂದೇ ತಪ್ಪು."

ಓನರಮ್ಮ ಲೋಟವನ್ನು ಬಾನೆಟ್ಟಿನ ಮೇಲೆ ಕುಕ್ಕಿದರು. "ಅದನ್ನೇ ಅಲ್ವೇನ್ರೀ ನಾನು ಬಡ್ಕೊಂಡಿದ್ದು! ನಿಮ್ಮ ಹಠಕ್ಕೆ ನಮ್ಮಕ್ಕನ ಮುಖ ತಪ್ಪಿಸಿದ್ರಲ್ಲ!" ಎಂದವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಓನರ್ರು ಹಳೆಯ ಜರಡಿಯೊಂದರ ತಂತಿ ಬಲೆಯನ್ನು ಕತ್ತರಿಸಿ ಆ ಸೀಳುಗಳಿಗೆ ಒಳಗಿನಿಂದ ಕೂರಿಸಿದರು. ಹೂ ಇಡಬೇಡ ಎಂದು ಹೆಂಡತಿಗೆ ಒಂದು ಮಾತೂ ಹೇಳಲಿಲ್ಲ. ಆಕೆ ಇಡುತ್ತಲೇ ಇದ್ದರು.

ಬೈಗುಳವೂ ನಡೆಯುತ್ತಲೇ ಇತ್ತು. ಮದುವೆ, ಮುಂಜಿ, ಗೌರಿ ಹಬ್ಬ, ಯಾರು ಸಿಕ್ಕರೂ ಕೊನೆಗೆ ಮಾತು ಅಲ್ಲಿಗೇ ಬರುತ್ತಿತ್ತು. "ಇವರ ರಿಪೇರಿ ಹುಚ್ಚಿಗೆ ನಮ್ಮಕ್ಕ ನಂಗೆ ಸಿಗದೆ ಹೋದ್ಲು." ಓನರ್ರು ಪೇಪರು ಮಡಚಿ ಎದ್ದು ಹೋಗುತ್ತಿದ್ದರು. ಆ ಕಾರನ್ನಾಗಲಿ, ಇನ್ನೊಂದು ಮಿಕ್ಸಿಯನ್ನಾಗಲಿ ಮತ್ತೆ ಬಿಚ್ಚಿದ್ದನ್ನು ನಾನು ಕಾಣೆ. ಟೆಸ್ಟರ್ ಕಿವಿಯಿಂದ ಇಳಿಯಿತು. ಒಂದು ದಿನ ತಡೆಯಲಾರದೆ, "ನಾನೇ ಹೇಳ್ಬಿಡ್ತೀನಿ ಅಂಕಲ್, ಎಷ್ಟು ದಿನ ಹೀಗೆ ಅನ್ನಿಸ್ಕೋತೀರಿ?" ಎಂದೆ.

"ನನ್ನ ಬೈದು ಮಲಗಿದ್ರೆ ಅವಳಿಗೆ ನಿದ್ದೆ ಬರುತ್ತಮ್ಮ" ಎಂದರು. "ತನ್ನ ಹೂವಿಂದಾನೇ ಹಿಂಗಾಯ್ತು ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ಬರಲ್ಲ. ಹಠ ಮಾಡಿದ್ದು ನಾನೇ ತಾನೇ? ಇರಲಿ ಬಿಡು."

ಆಮೇಲೆ ನಾವು ಸ್ವಂತ ಮನೆ ಮಾಡಿಕೊಂಡು ಹೋದೆವು. ಓನರ್ರು ತೀರಿಕೊಂಡಾಗ ನಾನು ಊರಿನಲ್ಲಿರಲಿಲ್ಲ. ಕೊನೆಗೊಮ್ಮೆ ನೋಡಲಿಲ್ಲವಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ. ಎಷ್ಟು ಒಳ್ಳೆಯ ಮನುಷ್ಯ... ಎಷ್ಟು ಹಠಮಾರಿ ಮನುಷ್ಯ.

ಮೊನ್ನೆ ಕ್ಯಾಬನ್ನು ಗವಿಪುರಕ್ಕೆ ತಿರುಗಿಸಲು ಹೇಳಿದೆ. ಓನರಮ್ಮ ಈಗ ಮಗಳ ಸಂಸಾರದ ಜೊತೆ ಅದೇ ಮನೆಯಲ್ಲಿದ್ದಾರೆ. ತುಂಬಾ ಇಳಿದುಹೋಗಿದ್ದಾರೆ, ಕಿವಿ ಮಂದ. ನನ್ನನ್ನು ಗುರುತಿಸಿ ಪಕ್ಕದಲ್ಲಿ ಕೂರಿಸಿಕೊಂಡರು. ಗಂಡನ ಮಾತು ಬಂತು. ಇನ್ನೇನು ಅಕ್ಕನ ಕತೆ ಶುರುವಾಗುತ್ತದೆ ಎಂದುಕೊಂಡೆ. ಅವರು ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ ಬೇರೆಯದೇ ಹೇಳಿದರು.

"ಎಷ್ಟು ಬೈದೆ ಕಣೆ ಅವರನ್ನ. ಒಂದಿನಾನೂ ತಿರುಗಿ ಮಾತಾಡ್ಲಿಲ್ಲ. ತಪ್ಪು ಮಾಡಿದೀನಿ ಅಂತ ಅವರಿಗೆ ಗೊತ್ತಿತ್ತು, ಪಾಪ. ಹೋಗೋಕ್ ಮುಂಚೆ ಒಂದೇ ಒಂದ್ಸಲ, ಹೋಗ್ಲಿ ಬಿಡ್ರೀ, ಕ್ಷಮಿಸಿದೀನಿ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಈಗ ರಾತ್ರಿಯೆಲ್ಲಾ ಅದೇ. ಕಣ್ಣು ಮುಚ್ಚಕ್ಕಾಗಲ್ಲ."

ಆಕೆಯ ನಿದ್ದೆಗಾಗಿಯೇ ಆ ಮನುಷ್ಯ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಕ್ಷಮಿಸಲು ಅವರು ಅಂಥದ್ದೇನು ಮಾಡಿದ್ದರು ಆಂಟಿ ಎಂದು ನಾಲಗೆಯ ತುದಿಯವರೆಗೂ ಬಂತು. ಹೇಳಿದರೆ ಅವರ ಹೆಸರು ಉಳಿಯುತ್ತದೆ, ಈ ಜೀವ ಉಳಿಯುವುದಿಲ್ಲ.

"ಅವರು ಅದನ್ನ ಮನಸ್ಸಲ್ಲಿಟ್ಕೊಂಡಿರ್ಲಿಲ್ಲ ಆಂಟಿ" ಎಂದೆ, ಕಿವಿಗೆ ಕೇಳುವ ಹಾಗೆ ಜೋರಾಗಿ.

"ನಿಂಗೇನೇ ಗೊತ್ತು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾನು ಅವರ ಕೈ ಸವರುತ್ತ ಕೂತೆ.