ಪಕ್ಕದ ಮನೆಯವರ ಹಸಿರು ಫೈಲು

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರ ಮಗಳು ಒಂದು ಹಸಿರು ಫೈಲು ಕೊಟ್ಟು ಹೋದಳು. "ಅಪ್ಪ ಇದನ್ನು ನಿಮಗೇ ಕೊಡಬೇಕು ಅಂತ ಚೀಟಿ ಅಂಟಿಸಿದ್ದರು, ನಾನು ತೆರೆದಿಲ್ಲ" ಎಂದಳು. ತೆರೆದೆ. ಅವಳಪ್ಪನ ಸಿಗಾರಿನ ವಾಸನೆ.

ಅವರನ್ನು ನಾವು ಬ್ಯೂರ್‌ಮನ್ ಎನ್ನುತ್ತಿದ್ದೆವು. ಇಲ್ಲಿ ಪಕ್ಕದ ಮನೆಯ ಗಂಡಸನ್ನು ಕರೆಯುವುದೇ ಹಾಗೆ. ನಾವು ನೆದರ್ಲೆಂಡ್ಸಿನ ಈ ರೈಸ್‌ವೈಕಿಗೆ ಬಂದ ಹೊಸತರಲ್ಲಿ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕೆಂದು ಕಲಿಸಿಕೊಟ್ಟವರು ಅವರು. ಪಕ್ಕಾ ಡಚ್ಚರು, ಆದರೆ ಮೂಲ ಇಂಗ್ಲೆಂಡು. ನಿವೃತ್ತರಾದ ಮೇಲೆ ಮನೆತನದ ಹೆಸರಿನ ಹುಚ್ಚು ಹಿಡಿಯಿತು. ಅಲ್ಲಿನ ಹಳೆಯ ಚರ್ಚುಗಳ ದಾಖಲೆಗಳ ಪ್ರತಿ ತರಿಸಿ ಮೇಜಿನ ತುಂಬ ಹರಡುತ್ತಿದ್ದರು. ಹೆಸರು ಎಲ್ಲೂ ಒಂದೇ ಥರ ಇರಲಿಲ್ಲ. ಒಂದು ಕಡೆ ಕೊನೆಗೊಂದು ಇ, ಇನ್ನೊಂದು ಕಡೆ ಎರಡು ಎಲ್, ಸಮುದ್ರ ದಾಟಿದ ಮೇಲೆ ಸಿ ಹೋಗಿ ಕೆ. ಶನಿವಾರ ನಾನು ಓದಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು. ಎರಡನೆಯದನ್ನು ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಹೆಸರು ಬದಲಾಗುತ್ತಿತ್ತು, ಒಂದು ಮಾತ್ರ ಬದಲಾಗುತ್ತಿರಲಿಲ್ಲ. ಒಬ್ಬ ಹೊಲದಲ್ಲಿ ಬಿದ್ದು ಸತ್ತ. ಒಬ್ಬ ಚರ್ಚಿನ ಬಾಗಿಲಲ್ಲಿ. ಒಬ್ಬ ಊಟಕ್ಕೆ ಕೂತಲ್ಲೇ... ಎಲ್ಲರಿಗೂ ನಲವತ್ತರ ಆಸುಪಾಸು. ಕೊನೆಯ ಹಾಳೆ ಅವರ ಸ್ವಂತ ಅಣ್ಣನದು.

"ಇದರಲ್ಲಿ ನಿಮಗೆ ಏನಾದರೂ ಕಾಣುತ್ತದೆಯೇ?" ಎಂದು ಒಂದು ಶನಿವಾರ ಕೇಳಿದರು. ನಾನು ಆಸ್ಪತ್ರೆಯ ಲ್ಯಾಬಿನವಳು. ಮುಂದಿನ ವಾರ ಅವರ ಮಗನಿಗೆ ನಲವತ್ತು ತುಂಬುವುದಿತ್ತು.

"ಏನೂ ಇಲ್ಲ, ಬ್ಯೂರ್‌ಮನ್" ಎಂದೆ.

ಅಶುಭ ನುಡಿದರೆ "ಬಿಡ್ತು ಅನ್ನು" ಎಂದು ಗದರಿಸುವ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಮನೆಗೆ ಬಂದು ಕಂಡದ್ದನ್ನು ಗಂಡನಿಗೆ ಹೇಳಿದರೆ ಅವರದೂ ಅದೇ ರಾಗ. "ಹುಟ್ಟಿದ ಹಬ್ಬದ ಮನ್ಯಾಗ ಸಾವಿನ ಮಾತು ಎತ್ತಬ್ಯಾಡ. ನೀ ಅಂದದ್ದು ಖರೇ ಆತಂದ್ರ? ಬಿಡ್ತು ಅನ್ನು." ನಾನೂ "ಬಿಡ್ತು" ಅಂದೆ. ಬ್ಯೂರ್‌ಮನ್ ಎಪ್ಪತ್ತೈದು ದಾಟಿಲ್ಲವೇ, ಮಗನಿಗೇನಾದೀತು ಎಂದು ಸಮಾಧಾನ ಮಾಡಿಕೊಂಡೆ.

ಇಲ್ಲಿ ಮಗನ ಹುಟ್ಟುಹಬ್ಬಕ್ಕೆ ಅಪ್ಪನಿಗೂ ಶುಭಾಶಯ ಹೇಳಬೇಕು. ದುಂಡಗೆ ಜೋಡಿಸಿದ ಕುರ್ಚಿಗಳ ನಡುವೆ ಅವರ ಕೈ ಕುಲುಕಿದೆ. ತಣ್ಣಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ಆಚೆ ಮಗ ನಗುತ್ತ ಕೇಕು ಕತ್ತರಿಸುತ್ತಿದ್ದ.

ಆರು ವಾರಕ್ಕೆ ಅವನು ಸ್ಟೇಷನ್ನಿನ ಮುಂದೆ ಸೈಕಲ್ಲಿಗೆ ಬೀಗ ಹಾಕುವಾಗ ಬಿದ್ದ. ಏಳಲಿಲ್ಲ. ವಂಶದಲ್ಲಿ ಬರುವ ಹೃದಯದ ತೊಂದರೆ, ಮೊದಲೇ ಪರೀಕ್ಷಿಸಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ಆಮೇಲೆ ಬ್ಯೂರ್‌ಮನ್ ನನ್ನನ್ನು ಶನಿವಾರ ಕರೆಯಲಿಲ್ಲ. ನಾನೂ ಹೋಗಲಿಲ್ಲ... ಹೋದ ತಿಂಗಳು ಅವರೂ ತೀರಿಕೊಂಡರು.

ಫೈಲಿನ ಅಡಿಯಲ್ಲಿ ಅವರೇ ಬರೆದ ಒಂದು ಹಾಳೆಯಿದೆ. ಎಲ್ಲ ರೂಪದ ಹೆಸರುಗಳು, ಪ್ರತಿಯೊಂದರ ಮುಂದೆ ಸತ್ತಾಗಿನ ವಯಸ್ಸು. ಕೊನೆಗೆ ಮಗನ ಹೆಸರು, ಮುಂದೆ ಖಾಲಿ. ಕೆಳಗೆ ಡಚ್ಚಿನಲ್ಲಿ ಎರಡು ಸಾಲು: "ಪಕ್ಕದ ಮನೆಯಾಕೆಯನ್ನು ಕೇಳಿದೆ. ಏನೂ ಇಲ್ಲ ಎಂದರು. ಮಗನಿಗೆ ಹೇಳಿ ಹೆದರಿಸುವುದಿಲ್ಲ."

ಗೋಡೆಯಾಚೆ ಮಗಳು ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದಾಳೆ. ಸಂಜೆ ಬೀಗದ ಕೈ ಕೊಟ್ಟು ಹೊರಟುಹೋಗುತ್ತಾಳೆ. ಸುಮ್ಮನಿದ್ದರೆ ನಾನು ಕಂಡೂ ಇಲ್ಲವೆಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಫೈಲು ಹಿಡಿದು ಅವರ ಬಾಗಿಲಿಗೆ ಬಂದಿದ್ದೇನೆ. ಬೆಲ್ ಒತ್ತಿಯಾಗಿದೆ.