ಸರ್ವೆ ನಂಬರ್ ನೂರಾ ಹದಿನೆಂಟು

ಅದು ೧೯೯೪ರ ಜನವರಿ. ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿದ ಜಯಮ್ಮ ಪಟಾನ್‌ಚೆರು ದಾಟಿ ಇಳಿದಾಗ ಅವಳ ಸೆರಗಿನಲ್ಲಿ ಹಿಡಿಯಷ್ಟು ಬಿಲ್ವಪತ್ರೆ ಇತ್ತು. ಮಗಳು ಶೋಭಾ ತೀರಿಕೊಂಡು ಅಂದಿಗೆ ಎರಡು ವರ್ಷ. ಹತ್ತೊಂಬತ್ತರ ಹುಡುಗಿ, ಕಾಮಾಲೆಯಾಗಿ ಎಂಟೇ ದಿನದಲ್ಲಿ ಹೋಗಿಬಿಟ್ಟಿದ್ದಳು. ಬೀದರ್ ಕಡೆಯ ಲಿಂಗಾಯತರಾದ ಇವರಲ್ಲಿ ಹೂಳುವ ಪದ್ಧತಿ. ಗುರುತಿಲ್ಲದವರ ನಡುವೆ ಪಟ್ಟಣದ ರುದ್ರಭೂಮಿಯಲ್ಲಿ ಬಿಟ್ಟುಬರಲು ಮನಸ್ಸಾಗದೆ, ಮನೆ ಕಟ್ಟಲೆಂದು ಕೊಂಡಿದ್ದ ಒಂದೆಕರೆ ಕಲ್ಲುನೆಲದಲ್ಲೇ, ದೊಡ್ಡ ಬಂಡೆಯೊಂದರ ಮಗ್ಗುಲಿಗೆ ಮಣ್ಣು ಮಾಡಿದ್ದರು.

ಆ ಬಂಡೆಯ ಮೇಲೆ ಈಗ ಯಾರೋ ಕೆಂಪು ಬಣ್ಣದಲ್ಲಿ ಅಂಕಿಗಳನ್ನು ಬರೆದಿದ್ದರು. ನೆಲದ ನಾಲ್ಕೂ ಮೂಲೆಗೆ ಗೂಟ. ಸುಣ್ಣದ ಗೆರೆಯೊಂದು ಗೋರಿಯ ಕಾಲಬುಡದಲ್ಲೇ ಹಾದುಹೋಗಿತ್ತು. ಉಳಿ ಮಸೆಯುತ್ತ ಕೂತಿದ್ದ ಕಲ್ಲುಕುಟಿಗನನ್ನು ಜಯಮ್ಮ ತೆಲುಗಿನಲ್ಲಿ ಕೇಳಿದಳು. ಇಲ್ಲಿ ಕ್ವಾರಿ ಬರುತ್ತದಮ್ಮಾ, ನನಗೆ ಗೊತ್ತಿರುವುದು ಅಷ್ಟೇ, ಉಳಿದದ್ದನ್ನು ಗಣಿ ಆಫೀಸಿನಲ್ಲಿ ಕೇಳಿ ಎಂದ ಅವನು. ಪತ್ರೆ ಏರಿಸುವುದನ್ನೂ ಮರೆತು ಅವಳು ಮರಳಿ ಬಸ್ಸಿಗೆ ಓಡಿದಳು.

ಗಂಡ ಮಲ್ಲಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಟರ್ನರ್. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನೆಲ ನಮ್ದು, ಪಟ್ಟಾ ನಮ್ದು. ಯಾರು ಏನು ಮಾಡ್ತಾರ?" ಎಂದು ತಟ್ಟೆ ಸರಿಸಿ ಎದ್ದ. ಆಫೀಸಿಗೆ ಹೋಗೋಣವೆಂದರೆ ರಜೆ ಇಲ್ಲವೆಂದ. ಮೂರು ದಿನ ಕಾದು ಜಯಮ್ಮ ಒಬ್ಬಳೇ ನೆಲದ ಪಾಸ್‌ಬುಕ್ಕು ಹಿಡಿದು ಹೊರಟಳು.

ಗಣಿ ಕಚೇರಿಯ ಗುಮಾಸ್ತ ಹನುಮಂತರಾಯ ರಾಯಚೂರಿನವನು. ಅವಳ ತೆಲುಗು ಕೇಳಿಯೇ, "ಕನ್ನಡದಾಗ ಹೇಳ್ರಿ ಅಕ್ಕಾರ" ಎಂದ.

"ನನ್ನ ನೆಲದ ಮ್ಯಾಗ ಬ್ಯಾರೆಯವರ ಹಕ್ಕು ಏನರ ಐತೇನು, ಅಷ್ಟು ನೋಡಿ ಹೇಳ್ರಿ ಅಪ್ಪಾ. ಸರ್ವೆ ನಂಬರ್ ನೂರಾ ಹದಿನೆಂಟು."

ಅವನು ದಪ್ಪ ರಿಜಿಸ್ಟರ್ ತೆಗೆದು ಬೆರಳಿಟ್ಟು ಸಾಲು ಸಾಲಾಗಿ ಇಳಿದ. ಮೊದಲ ಪುಟದಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಜಯಮ್ಮನಿಗೆ ಉಸಿರು ಹಗುರಾಯಿತು. ಮೂರನೆಯ ಪುಟದ ನಡುವೆ ಬೆರಳು ನಿಂತಿತು.

"ಐತ್ರಿ. ಗ್ರಾನೈಟ್. ಹತ್ತು ವರ್ಷದ ಗುತ್ತಿಗಿ."

"ನಮ್ಮನ್ನ ಕೇಳಲಾರದ ಹ್ಯಾಂಗ ಕೊಟ್ರಿ?"

ಹನುಮಂತರಾಯ ಒಳಗೆ ಹೋಗಿ ಫೈಲು ತಂದ. ಭೂಮಾಲೀಕನ ಒಪ್ಪಿಗೆ ಪತ್ರ ಇದೆಯೆಂದು ಅವಳ ಕಡೆ ತಿರುಗಿಸಿ ಹಿಡಿದ. ತೆಲುಗಿನ ಅಕ್ಷರಗಳು ನಮ್ಮವೇ ಅನ್ನಿಸುವಷ್ಟು ಹತ್ತಿರ. ಕೂಡಿಸಿ ಓದಿದರೆ ಕಚೇರಿಯ ಆ ಮಾತುಗಳ ಅರ್ಥ ಮಾತ್ರ ಹತ್ತಲಿಲ್ಲ. ಅಡಿಯಲ್ಲಿದ್ದ ರುಜು ಕನ್ನಡದ್ದು. ಮಲ್ಲಪ್ಪನದೇ. ತಾರೀಖು ನೋಡಿದಳು. ಶೋಭಾಳನ್ನು ಮಣ್ಣು ಮಾಡಿದ ಹನ್ನೊಂದನೆಯ ದಿನ.

ಬೆಂಚಿನ ಮೇಲೆ ಕೂತವಳಿಗೆ ಹನುಮಂತರಾಯ ನೀರು ತಂದುಕೊಟ್ಟ. ಆಕ್ಷೇಪಣೆಯ ಗಡುವು ಮುಗಿದಿದೆ, ಆದರೂ ಗೋರಿ ಇದೆಯೆಂದು ಅರ್ಜಿ ಬರೆದುಕೊಡಿ ಎಂದ. ತಾನೇ ಬರೆದ. ಅವಳು ರುಜು ಹಾಕಿದಳು.

ಅಂದು ಸಂಜೆ ಮಲ್ಲಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದಳು. "ಮಗಳ ಗೋರಿ ಮಾರಿದಿ ಏನು?"

ಅವನು ನಿಂತಲ್ಲೇ ಹೇಳಿದ. ನೆಲ ಕೊಡಿಸಿದ ದಲ್ಲಾಳಿ ಆ ಹನ್ನೊಂದನೆಯ ದಿನ ದುಃಖ ಕೇಳಲು ಬಂದಿದ್ದನಂತೆ. "ಗೋರಿ ಸರ್ಕಾರಿ ಕಾಗದದಾಗ ಬರಸ್ತೀನಿ, ಮುಂದ ಯಾರೂ ಅದನ್ನ ಮುಟ್ಟಾಂಗಿಲ್ಲ ಅಂದ. ತೆಲುಗಿನ ಕಾಗದ, ನಾ ಏನು ಓದಲಿ? ಆಕೀನ್ನ ಯಾರೂ ಮುಟ್ಟಬಾರದು ಅಂತನಽ ಸಹಿ ಮಾಡೀನಿ, ಜಯಾ!" ಎಂದು ಗೋಡೆಗೆ ಹಣೆ ಚಚ್ಚಿಕೊಂಡ. ಜಯಮ್ಮ ಅವನನ್ನು ತಡೆಯಲಿಲ್ಲ.  ಆಮೇಲೆ ತನ್ನ ಅಂಗೈಯನ್ನು ಗೋಡೆಗೂ ಹಣೆಗೂ ನಡುವೆ ಇಟ್ಟಳು.

ಅರ್ಜಿಗೆ ಇಷ್ಟು ಫಲ ಸಿಕ್ಕಿತು. ಅಧಿಕಾರಿಯೊಬ್ಬರು ಬಂದು ಅಳತೆ ಹಿಡಿದು, ಗೋರಿಯ ಸುತ್ತ ಹತ್ತು ಗಜ ಬಿಡಬೇಕೆಂದು ಬರೆದರು. ಗುತ್ತಿಗೆ ಉಳಿಯಿತು. ದಲ್ಲಾಳಿ ಊರು ಬಿಟ್ಟಿದ್ದ. ಗುತ್ತಿಗೆದಾರ ಹತ್ತು ಗಜ ಬಿಟ್ಟು ಮೂರು ಕಡೆ ತೋಡುತ್ತ ಹೋದ. ಮಳೆಗಾಲದ ಹೊತ್ತಿಗೆ ಶೋಭಾಳ ಗೋರಿ ಹೊಂಡದೊಳಕ್ಕೆ ಚಾಚಿದ ಮಣ್ಣಿನ ದಿಬ್ಬದ ಮೇಲೆ ಉಳಿದಿತ್ತು. ಒಂದು ದಿನ ಜಯಮ್ಮ ಗೋರಿಯ ಮೇಲೆ ಕೈಯಿಟ್ಟು ಕೂತಿದ್ದಾಗ ಕೆಳಗೆ ಸಿಡಿಮದ್ದು ಹಾರಿತು. ಅಂಗೈಯ ಕೆಳಗೆ ನೆಲ ನಡುಗಿತು. ಗಾರೆ ಉದ್ದಕ್ಕೆ ಬಿರುಕುಬಿಟ್ಟಿತು.

"ಆಕೀನ್ನ ಇಲ್ಲಿ ಬಿಡೂದು ಬ್ಯಾಡ್ರಿ," ಎಂದಳು ಗಂಡನಿಗೆ. ಅವನು ಮರುದಿನ ನೆರೆಮನೆಯಿಂದ ಗುದ್ದಲಿ ಕೇಳಿ ತಂದ.

ಸರಪಂಚರಿಗೆ ತಿಳಿಸಿ, ಅಯ್ನೋರನ್ನು ಕರೆದೊಯ್ದು, ಬೆಳಗಿನ ಹೊತ್ತಿನಲ್ಲಿ ಅಗೆದರು. ಮಲ್ಲಪ್ಪ ಯಾರಿಗೂ ಗುದ್ದಲಿ ಕೊಡಲಿಲ್ಲ. ಕೊನೆಗೆ ಮಣ್ಣನ್ನು ಕೈಯಲ್ಲೇ ಸರಿಸಿದ. ಎಡಗೈಯಲ್ಲಿಟ್ಟು ಹೂಳಿದ್ದ ಲಿಂಗ ಮೊದಲು ಸಿಕ್ಕಿತು. ಅದನ್ನು ಎದೆಗೊತ್ತಿಕೊಂಡು ಅವನು ಕುಣಿಯಲ್ಲೇ ಕುಸಿದ. ಆ ರುಜು ಬಯಲಾದಂದಿನಿಂದ ಎಂಟು ತಿಂಗಳು ಬಾಯಲ್ಲಿ ಬಾರದ ಅಳು ಆಗ ಬಂತು. ಉಳಿದದ್ದನ್ನು ಜಯಮ್ಮ ಇಳಿದು, ಒಂದೊಂದಾಗಿ, ತನ್ನ ಮದುವೆಯ ಸೀರೆಯಲ್ಲಿ ಕಟ್ಟಿದಳು.

ಬಸ್ಸಿನ ತುಂಬ ಕಾರ್ಖಾನೆಯ ಪಾಳಿ ಮುಗಿಸಿದವರು. ಗಂಟನ್ನು ಮೇಲಿಡಿ ಎಂದ ಕಂಡಕ್ಟರ್. ಜಯಮ್ಮ ಕೇಳದವಳಂತೆ ಅದನ್ನು ತೊಡೆಯ ಮೇಲೆ ಎರಡೂ ಕೈಯಿಂದ ತಬ್ಬಿ ಕೂತಳು. ಮಧ್ಯಾಹ್ನದೊಳಗೆ ಮಗಳನ್ನು ರುದ್ರಭೂಮಿಯ ಗೋಡೆಯ ಮಗ್ಗುಲಿಗೆ, ಗುರುತಿಲ್ಲದವರ ನಡುವೆಯೇ, ಮತ್ತೆ ಮಣ್ಣು ಮಾಡಿದರು. ವಾರದೊಳಗೆ ಆ ದಿಬ್ಬವನ್ನೂ ಒಡೆದರೆಂದು ಹನುಮಂತರಾಯ ಹೇಳಿಕಳಿಸಿದ. ಗುತ್ತಿಗೆ ರದ್ದಿಗೆಂದು ಮಲ್ಲಪ್ಪ ನಿವೃತ್ತನಾಗುವವರೆಗೂ ಅರ್ಜಿ ಹಾಕುತ್ತಲೇ ಇದ್ದ. ಜಯಮ್ಮ ಒಮ್ಮೆಯೂ ಅದರ ಸುದ್ದಿ ಕೇಳಲಿಲ್ಲ.